ಹೆಸರು ಹೇಳಬಾರದ ಪುಡಿ

ಕಂಪ್ಲಿಯ ಆ ರೈಸ್ ಮಿಲ್ಲಿನ ಗೇಟಿಗೆ ಭತ್ತದ ಲಾರಿ ಬಂದು ನಿಂತರೆ ಮೊದಲು ಕೇಳುತ್ತಿದ್ದ ಮಾತು ಒಂದೇ: "ಹೊನ್ನೂರಪ್ಪನ್ನ ಕರೀರಿ." ಅವನು ಬರುವ ತನಕ ತೂಕದವನು ಕಾಯಬೇಕು, ಹಮಾಲಿಗಳು ಕಾಯಬೇಕು, ಡ್ರೈವರು ಬೀಡಿ ಸೇದುತ್ತ ಕಾಯಬೇಕು. ಹೊನ್ನೂರಪ್ಪ ಬಂದು ಚೀಲಕ್ಕೆ ಮೊನಚಾದ ಕೊಳವೆ ಚುಚ್ಚಿ, ಅಂಗೈಗೆ ಇಳಿದ ಭತ್ತವನ್ನು ಮರದ ತುಂಡಿನಿಂದ ತಿಕ್ಕಿ, ಹೊಟ್ಟನ್ನು ಉಫ್ ಎಂದು ಊದಿ, ಎಡಗಣ್ಣು ಮುಚ್ಚಿ ಬಲಗಣ್ಣನ್ನು ಅಂಗೈ ಹತ್ತಿರ ತಂದು ಅಕ್ಕಿ ನೋಡುತ್ತಿದ್ದ. ಕೆಲಸ ಕಲಿಸಿದ ಮುದುಕ ಹಾಗೆ ಮುಚ್ಚುತ್ತಿದ್ದ, ಇವನೂ ಮುಚ್ಚಿದ. ನೋಡಿ ಮುಗಿಸಿ "ಆಗ್ಲಿ" ಅಂದರೆ ಲಾರಿ ಒಳಗೆ, "ಬ್ಯಾಡ" ಅಂದರೆ ಲಾರಿ ಬಂದ ದಾರಿಗೆ.

ಒಂದು ಕಾಲಕ್ಕೆ ಇದೇ ಮಿಲ್ಲಿನಲ್ಲಿ ಚೀಲ ಹೊತ್ತವನು ಅವನು. ಸೊಂಟ ಬಿದ್ದು ಹೋದ ಮೇಲೆ ಮಿಲ್ಲಿನ ಹಿರಿಯ ಸಾವ್ಕಾರ ಪಾಪ ಎಂದು ಈ ಕೆಲಸ ಕೊಟ್ಟ. ಹಿರಿಯರು ತೀರಿಕೊಂಡು ಮಗ ಸಿದ್ದಲಿಂಗೇಶ್ ಗದ್ದುಗೆಗೆ ಬಂದ ಮೇಲೂ ಹೊನ್ನೂರಪ್ಪನ ಮಾತೇ ನಡೆಯುತ್ತಿತ್ತು. ಅದರಿಂದ ಸ್ವಲ್ಪ ಕೊಬ್ಬೂ ಬಂದಿತ್ತು ಅನ್ನಿ. ಹಮಾಲಿಗಳು ಹಿಂದಿನಿಂದ ಅವನನ್ನು 'ಕಲೆಕ್ಟರ್' ಅನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಹೀಗಿರುವಾಗ ಒಂದು ಲಾರಿ ಭತ್ತವನ್ನು ಅಪ್ಪಟ ಸೋನಾ ಮಸೂರಿ ಎಂದು ಒಳಗೆ ಬಿಟ್ಟ. ಅಕ್ಕಿ ಮಾಡಿ ನೋಡಿದರೆ ಅರ್ಧಕ್ಕೆ ಅರ್ಧ ದಪ್ಪ ಕಾಳು. ಸಿದ್ದಲಿಂಗೇಶ್ ನಕ್ಕು, "ಏನೋ ಹೊನ್ನೂರಪ್ಪ, ನಿನ್ನೆ ಮದುವಿ ಊಟ ಜಾಸ್ತಿ ಆಗಿತ್ತೇನು?" ಎಂದು ಬಿಟ್ಟುಬಿಟ್ಟ. ಎರಡನೇ ಸಲ ಹೊಸಪೇಟೆಯ ಹೋಟೆಲಿನವರು ಅಕ್ಕಿಯನ್ನೇ ವಾಪಸ್ಸು ಕಳಿಸಿದರು. ಆಗ ಸಾವ್ಕಾರ ನಗಲಿಲ್ಲ. ಬೈಯಲೂ ಇಲ್ಲ. ಕಾಳನ್ನು ಹೊನ್ನೂರಪ್ಪನ ಅಂಗೈಗೆ ಸುರಿದು, "ನೋಡು" ಎಂದು ಒಳಗೆ ಹೋದ.

ಹೊನ್ನೂರಪ್ಪ ಎಡಗಣ್ಣು ಮುಚ್ಚಿ ನೋಡಿದ. ಅಂಗೈಯ ನಡುವೆ ಚಹಾ ಚೆಲ್ಲಿ ಒಣಗಿದಂಥ ಮಬ್ಬು ಕಲೆ. ಅದರೊಳಗಿನ ಕಾಳುಗಳು ಸಣ್ಣಗೆ, ನವಿರಾಗಿ, ಸ್ವಲ್ಪ ಡೊಂಕಾಗಿ ಕಂಡವು. ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದ. ಅದೇ ಕಾಳುಗಳು ದಪ್ಪಗೆ ಉಬ್ಬಿ ನಿಂತವು. ಒಂದು ಕಣ್ಣಿಗೆ ಸೋನಾ ಮಸೂರಿ, ಇನ್ನೊಂದು ಕಣ್ಣಿಗೆ ದಪ್ಪ ಭತ್ತ! ಎರಡೂ ಕಣ್ಣು ತೆರೆದು ನೋಡುವ ಎಲ್ಲ ಮನುಷ್ಯರಂತೆ ಇವನೂ ನೋಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ತಲೆ ಎತ್ತಿದರೆ ಮಿಲ್ಲಿನ ಬಾಗಿಲ ಚೌಕಟ್ಟು ನಡುವಿನಲ್ಲಿ ಹೊಟ್ಟೆ ಬಂದಂತೆ ಬಾಗಿತ್ತು.

ಹೊಸಪೇಟೆಯ ಕಣ್ಣಾಸ್ಪತ್ರೆಗೆ ಹೆಂಡತಿ ಪಂಪಾವತಿ ಜೊತೆಗೆ ಬಂದಳು. ಗದ್ದ ಊರಿಸಿ, ಹಣೆ ಒತ್ತಿಸಿ, ಕಣ್ಣಿನ ಒಳಗಿನ ಫೋಟೋ ತೆಗೆದರು. ಡಾಕ್ಟರ್ ಶೈಲಶ್ರೀ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಸಮಾಧಾನಿ. ಫೋಟೋವನ್ನು ಪರದೆಯ ಮೇಲೆ ತೋರಿಸಿ ಹೇಳಿದಳು: "ನೋಡ್ರಿ ಹೊನ್ನೂರಪ್ಪನೋರೆ, ಮ್ಯಾಲಿಂದು ನಿಮಗ ಕಾಣ್ಸೋ ರೆಟಿನಾ. ಅದರ ಬೆನ್ನಿಗೆ ರಕ್ತನಾಳಗಳ ಒಂದು ಹಾಸಿಗಿ ಐತಿ, ಕೋರಾಯ್ಡ್ ಅಂತೀವಿ. ಅದರಾಗೂ ಪದರ ಅದಾವ. ಕೆಳಗ ದೊಡ್ಡ ನಾಳ, ಮ್ಯಾಲ ಕೂದಲಿನಂಥ ಸಣ್ಣ ನಾಳದ ಜಾಲ. ನಿಮ್ಮ ಕಣ್ಣಾಗ ಕೆಳಗಿನ ದೊಡ್ಡ ನಾಳ ಊದ್ಯಾವ. ಇಡೀ ಹಾಸಿಗಿ ದಪ್ಪ ಆಗೈತಿ. ಮ್ಯಾಲಿನ ಸಣ್ಣ ಜಾಲ ಅವುಗಳ ಒತ್ತಡಕ್ಕ ತೆಳ್ಳಗಾಗಿ, ನೀರು ಜಿನುಗಿ ರೆಟಿನಾದ ಕೆಳಗ ನಿಂತೈತಿ."

ಹೊನ್ನೂರಪ್ಪ ಫೋಟೋದಲ್ಲಿ ನೀರು ನಿಂತಿದ್ದ ಕಪ್ಪು ಗುಳ್ಳೆಯನ್ನೇ ದಿಟ್ಟಿಸಿದ. ತುಂಗಭದ್ರಾ ಕಾಲುವೆಯ ಬದಿಯಲ್ಲಿ ಬದುಕಿದವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಕಾಲುವಿ ತುಂಬಿ ಹೊಲಕ್ಕ ಜವುಳು ಹಿಡಿದಂಗ ಏನ್ರಿ?" ಎಂದ.

"ಹಂಗೇ ಅಂದ್ಕೊಳ್ರಿ."

"ಜವುಳು ಹಿಡಿದ ಹೊಲ ಮುಂದ ಬೆಳಿ ಕೊಡಾದಿಲ್ರಿ."

"ಜಲ್ದಿ ನೀರು ಇಂಗಿದ್ರ ಕೊಡ್ತದ. ಭಾಳ ದಿನ ನಿಂತ್ರ ಮಾತ್ರ ಕಣ್ಣು ಆ ಜಾಗ ಕಳಕೊಂತದ." ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು: "ಇದು ಚಿಂತಿ, ನಿದ್ದಿಗೆಡೋದರಿಂದ ಬರಬಹುದು. ಸ್ಟೀರಾಯ್ಡ್ ಅನ್ನೋ ಔಷಧದಿಂದ ಭಾಳ ಬರ್ತದ. ಗುಳಿಗಿ, ಇಂಜೆಕ್ಷನ್, ಹಚ್ಚೋ ಮುಲಾಮು, ನಾಟಿ ಪುಡಿ, ಏನಾದ್ರೂ ತಗೊಂತೀರೇನು? ಅದು ಹೊಟ್ಟಿಗಿ ಹೋಗಾಕತ್ತಿರೋತನಕ ನಾ ಏನು ಮಾಡಿದ್ರೂ ಅಷ್ಟರಾಗೇ ಐತಿ."

ಪಂಪಾವತಿ ಗಂಡನ ಮುಖ ನೋಡಿದಳು. ಹೊನ್ನೂರಪ್ಪ ನೆಲ ನೋಡಿದ.

"ಏನೂ ಇಲ್ರಿ ಮೇಡಮ್."

ಸುಳ್ಳು. ಅಂಗಿಯ ಒಳಜೇಬಿನಲ್ಲಿ ಪುಡಿಯ ಪೊಟ್ಟಣ ಅವನ ಎದೆಗೆ ಆತುಕೊಂಡೇ ಇತ್ತು.

ಅವನನ್ನು ಬೈಯುವ ಮೊದಲು ಪುಡಿಯ ಕಥೆ ಕೇಳಬೇಕು. ಹೊನ್ನೂರಪ್ಪನ ತಾಯಿ ಅವನು ತೆವಳುವಾಗಲೇ ಹೋದಳು. ಅಕ್ಕ ವಿರುಪಮ್ಮ ಮದುವೆಯಾಗಿ ಸಂಡೂರು ಕಡೆಯ ಬಂಡ್ರಿಗೆ ಹೋಗುವಾಗ ಸೀರೆ, ಕೊಡ, ಪಾತ್ರೆಗಳ ಜೊತೆಗೆ ತಮ್ಮನನ್ನೂ ಕಂಕುಳಲ್ಲಿಟ್ಟುಕೊಂಡು ಹೋದಳು. ಗಂಡನ ಮನೆಯಲ್ಲಿ ಯಾರು ಏನೆಂದರೂ ಕೆಳಗಿಳಿಸಲಿಲ್ಲ. ಆ ಮನೆತನದವರು ತಲೆಮಾರುಗಳಿಂದ ಕೀಲುನೋವಿಗೆ ಗುಡ್ಡದ ಯಾವುದೋ ಬೇರಿನ ಪುಡಿ ಕೊಡುವವರು. ಪ್ರತಿ ಅಮಾವಾಸ್ಯೆ ಕೊಡುತ್ತಿದ್ದರು, ಕೈಯೊಡ್ಡಿದವರಿಗೆಲ್ಲ ಕೊಡುತ್ತಿದ್ದರು, ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮಾವ ಹೋಗಿ, ಗಂಡನೂ ಹೋದ ಮೇಲೆ ಪುಡಿ ವಿರುಪಮ್ಮನ ಕೈಗೆ ಬಂತು.

ಅದಕ್ಕೊಂದು ಕಟ್ಟು ಇತ್ತು. ಕೊಡುವವರು ಅದರಲ್ಲಿರುವುದರ ಹೆಸರು ಹೇಳಬಾರದು. ತಿನ್ನುವವರು ತಿನ್ನುತ್ತೇನೆಂದು ಹೇಳಬಾರದು. ಹೇಳಿದರೆ ಔಷಧ ಸಾಯುತ್ತದೆ, ತಿಂದವರಿಗಷ್ಟೇ ಅಲ್ಲ, ಎಲ್ಲರಿಗೂ. ಸೊಂಟ ಬಿದ್ದು ಕಂಪ್ಲಿಯಿಂದ ಜೀಪಿನಲ್ಲಿ ಮಲಗಿಸಿ ತಂದ ತಮ್ಮನ ಕೈಯನ್ನು ತನ್ನ ಕೈಮೇಲೆ ಇಡಿಸಿಕೊಂಡು ವಿರುಪಮ್ಮ ಭಾಷೆ ತೆಗೆದುಕೊಂಡಿದ್ದಳು. "ಒಡಹುಟ್ಟಿದವ ಅಂತ ನಿಂಗ ಬ್ಯಾರೆ ಲೆಕ್ಕ ಇಲ್ಲ ತಮ್ಮಾ. ನೀ ಬಾಯಿ ಬಿಟ್ರ ಈ ಮನಿ ಹೆಸರು ಮಣ್ಣಾಗ ಹೋತು." ಪುಡಿ ಬಾಯಿಗೆ ಬಿದ್ದ ಮೂರನೇ ದಿನಕ್ಕೆ ಹೊನ್ನೂರಪ್ಪ ಎದ್ದು ನಡೆದ. ಅವತ್ತಿನಿಂದ ದಿನಾ ಬೆಳಿಗ್ಗೆ ಬೆಲ್ಲದ ಚೂರಿನಲ್ಲಿ ಒಂದು ಚಿಟಿಕೆ. ಅಮಾವಾಸ್ಯೆಗೊಮ್ಮೆ ಹೊಸಪೇಟೆ ಬಸ್ಸು, ಸಂಡೂರು ಬಸ್ಸು, ಬಂಡ್ರಿ ಬಸ್ಸು.

ಈಗ ಹೇಳಿ, ಡಾಕ್ಟರಿಗೆ ಹೇಗೆ ಹೇಳಬೇಕು? ಹೇಳಿದರೆ ಎತ್ತಿ ಬೆಳೆಸಿದವಳ ಕೈಮೇಲಿನ ಭಾಷೆ ಮುರಿಯಿತು. ಹೇಳದಿದ್ದರೆ ಕಣ್ಣು. ಬೇರಿನ ಪುಡಿಗೂ ಇಂಗ್ಲಿಷ್ ಔಷಧಕ್ಕೂ ಏನು ಸಂಬಂಧ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ. ಮಿಲ್ಲಿನಲ್ಲಿ ಎಡಗಣ್ಣಿನಿಂದ ನೋಡಲು ಹೊರಟರೆ ಬಲಗಣ್ಣು ಸಲೀಸಾಗಿ ಮುಚ್ಚಲು ಬಾರದು. ಇಷ್ಟು ವರ್ಷ ಎಡಗಣ್ಣನ್ನೇ ಮುಚ್ಚಿದ ಮುಖ ಅದು, ಇನ್ನೊಂದು ಕಡೆ ಸೊಟ್ಟಗೆ ಹಿಂಡಿಕೊಳ್ಳುತ್ತಿತ್ತು, ಹಮಾಲಿಗಳು ನಗುತ್ತಿದ್ದರು. ಸಿದ್ದಲಿಂಗೇಶ್ ಅವನ ಪಕ್ಕಕ್ಕೆ ಇನ್ನೊಬ್ಬನನ್ನು ನಿಲ್ಲಿಸಿದ. ಗೇಟಿನಿಂದ ಬರುತ್ತಿದ್ದ ಕೂಗಿನಲ್ಲಿ ಈಗ ಇವನ ಹೆಸರು ಇರಲಿಲ್ಲ.

ಮುಂದಿನ ತಿಂಗಳ ಫೋಟೋದಲ್ಲಿ ಆ ಹಾಸಿಗೆ ಇನ್ನೂ ದಪ್ಪವಾಗಿತ್ತು, ನೀರೂ ಹೆಚ್ಚಿತ್ತು. ಶೈಲಶ್ರೀ ಈ ಸಲ ಕಣ್ಣೊಂದನ್ನೇ ಅಲ್ಲ, ಇಡೀ ಮನುಷ್ಯನನ್ನೇ ನೋಡಿದಳು. ತುಂಬಿದ ದುಂಡು ಮುಖ, ಕಡ್ಡಿಯಂಥ ಕಾಲು, ಮುಟ್ಟಿದರೆ ಕಪ್ಪುಗಟ್ಟುವ ಮೊಣಕೈ ಚರ್ಮ. "ಹೊನ್ನೂರಪ್ಪನೋರೆ, ನಿಮ್ಮ ಮೈಯಾಗ ಸ್ಟೀರಾಯ್ಡ್ ಹೋಗಾಕತ್ತೈತಿ. ನೀವು ಹೇಳಿದ್ರೂ ಹೋಗಾಕತ್ತೈತಿ, ಹೇಳದಿದ್ರೂ ಹೋಗಾಕತ್ತೈತಿ. ಯಾವುದು, ಎಷ್ಟು ಅಂತ ಗೊತ್ತಾಗಬೇಕು" ಎಂದಳು. ಅವನು ಬಾಯಿ ತೆರೆದ. ಅಂಗೈಯಲ್ಲಿ ಅಕ್ಕನ ಅಂಗೈಯ ಬಿಸಿ ತಟ್ಟಿದಂತಾಯಿತು. ಬಾಯಿ ಮುಚ್ಚಿದ.

ಬಸ್ಸಿನಲ್ಲಿ ಅವನಿಗೆ ಒಂದು ಉಪಾಯ ಹೊಳೆಯಿತು. ಮೂರ್ಖ ಉಪಾಯಗಳೇ ಮೊದಲು ಹೊಳೆಯುವುದು. ಹೇಳುವುದೂ ಬೇಡ, ತಿನ್ನುವುದೂ ಬೇಡ! ಭಾಷೆಯೂ ಉಳಿಯಿತು, ಕಣ್ಣೂ ಉಳಿಯಿತು. ಮರುದಿನದಿಂದ ಪುಡಿ ಬಿಟ್ಟ.

ಮೊದಲು ಸೊಂಟ ಹಿಡಿಯಿತು. ಅದಕ್ಕೆ ಅವನು ತಯಾರಿದ್ದ. ಆಮೇಲೆ ಅನ್ನ ಸೇರಲಿಲ್ಲ, ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆ ವಾರ ಮುಗಿಯುವುದರೊಳಗೆ ಮಿಲ್ಲಿನ ಅಂಗಳದಲ್ಲಿ ಹರವಿದ್ದ ಭತ್ತದ ಮೇಲೆ ದೊಪ್ಪನೆ ಬಿದ್ದ. ಮೈ ತಣ್ಣಗೆ, ನಾಡಿ ಎಲ್ಲೋ. ಸಿದ್ದಲಿಂಗೇಶ್ ತನ್ನ ಕಾರಿನಲ್ಲೇ ಮನೆಗೆ ಸಾಗಿಸಿ, ಆಸ್ಪತ್ರೆಗೆ ಹೋಗೋಣ ಎಂದ. ಪಂಪಾವತಿ ನೇರ ಒಳಗೆ ಹೋಗಿ ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು, ಬೆಲ್ಲದ ನೀರಿನಲ್ಲಿ ಕಲೆಸಿ ಗಂಡನ ಬಾಯಿಗೆ ಹಾಕಿದಳು. ಹೊತ್ತು ಇಳಿಯುವುದರೊಳಗೆ ಅವನು ಎದ್ದು ಗೋಡೆಗೆ ಒರಗಿ ಕೂತು ಗಂಜಿ ಕುಡಿದ.

"ಡಾಕ್ಟ್ರಿಗೆ ಹೇಳ್ರಿ" ಎಂದಳು.

"ಏನು ಹೇಳ್ಲಿ? ನಿಂಗೇನು ಗೊತ್ತೈತಿ?"

"ಗೊತ್ತಿಲ್ಲ ಅಂತ ಇಷ್ಟು ವರ್ಷ ನಟನೆ ಮಾಡೀನಿ. ಬೆಲ್ಲ ದಿನಾ ಎಲ್ಲಿ ಹೊಕ್ಕೈತಿ ಅಂತ ಲೆಕ್ಕ ಹತ್ತದ ಹೆಂಗಸು ಯಾವಾಕಿ?"

ಹೊನ್ನೂರಪ್ಪನಿಗೆ ನಗು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯಾಗಿತ್ತು. ಬಿಟ್ಟರೆ ನೆಲಕ್ಕೆ ಕೆಡವಿ, ತಿಂದರೆ ಎತ್ತಿ ಕೂರಿಸುವ ಬೇರು ಯಾವುದು? ಹೆಂಡಕ್ಕಿಂತ ಕಡೆಯಾಯಿತಲ್ಲ ಇದು! ತಿಂದರೆ ಕಣ್ಣು ಹೋಗುತ್ತದೆ, ಬಿಟ್ಟರೆ ಜೀವ ಹೋಗುತ್ತದೆ, ಹೇಳಿದರೆ ಅಕ್ಕ ಹೋಗುತ್ತಾಳೆ. ಯಾವ ಕಡೆ ತಿರುಗಿದರೂ ಗೋಡೆ. ಕಾಲಿಗೆ ಬಲ ಬಂದ ದಿನವೇ ಬಂಡ್ರಿಗೆ ಹೊರಟ.

ಅವತ್ತು ಅಮಾವಾಸ್ಯೆಯಲ್ಲ. ವಿರುಪಮ್ಮ ಹಿತ್ತಲಿನಲ್ಲಿ ಒಬ್ಬಳೇ ಕೂತು ಒಳಕಲ್ಲಿನಲ್ಲಿ ಕುಟ್ಟುತ್ತಿದ್ದಳು. ತಮ್ಮನನ್ನು ಕಂಡು ಸೆರಗಿನಿಂದ ಒಳಕಲ್ಲು ಮುಚ್ಚಿದಳು.

"ಹೊತ್ತಲ್ಲದ ಹೊತ್ತಿನಾಗ ಬಂದೀಯಲ್ಲೋ. ಪುಡಿ ತೀರ್ತೇನು?"

"ಅಕ್ಕಾ, ಅದರಾಗ ಏನು ಹಾಕ್ತಿ?"

"ಕೇಳಬಾರ್ದು ಅಂತ ಗೊತ್ತಿಲ್ಲೇನು ನಿಂಗ?" ಅವಳ ದನಿ ಗದರಿತು.

ಹೊನ್ನೂರಪ್ಪ ಅವಳೆದುರು ಕೂತ. ಅಭ್ಯಾಸದಂತೆ ಎಡಗಣ್ಣು ಮುಚ್ಚಿ ಅವಳನ್ನು ನೋಡಿದ. ಬಿಳಿ ತಲೆ ಕಂಡಿತು, ಕಿವಿಯ ಓಲೆ ಕಂಡಿತು, ಕೊರಳು ಕಂಡಿತು.

"ನಿನ್ನ ಮುಖ ನಂಗ ಕಾಣವಲ್ದು ಅಕ್ಕ. ಸುತ್ತ ಕಾಣ್ತೈತಿ, ನಡುವಿಲ್ಲ. ಕಣ್ಣಾಗ ನೀರು ನಿಂತೈತಿ ಅಂತಾರ. ಪುಡಿ ಬಿಟ್ಟೆ, ಬಿದ್ದು ಸಾಯೋಕಾದೆ. ಯಾರಿಗೂ ಹೇಳಿಲ್ಲ. ನಿನ್ನ ಭಾಷಿ ಮುರಿದಿಲ್ಲ. ಇನ್ನು ನೀನೇ ಹೇಳು, ಕಣ್ಣು ಕೊಡ್ಲೋ, ಜೀವ ಕೊಡ್ಲೋ?"

ವಿರುಪಮ್ಮ ಮುಚ್ಚಿದ್ದ ಸೆರಗು ತೆಗೆದಳು. ಒಳಕಲ್ಲಿನಲ್ಲಿ ಒಣಶುಂಠಿ, ಬೂದಿಯಂಥದೇನೋ, ಅದರ ನಡುವೆ ಅರ್ಧ ಒಡೆದ ಬಿಳಿ ಗುಳಿಗೆಗಳು.

"ಬೇರು ಎಲ್ಲೈತೋ ತಮ್ಮಾ?" ಎಂದಳು. "ಮಾವ ತೋರಿಸಿದ ಆ ಗುಡ್ಡಾನೇ ಇಲ್ಲ. ಮೈನಿಂಗ್‌ನೋರು ತಲಿಯಿಂದ ಬುಡತನಕ ಲಾರ್‍ಯಾಗ ತುಂಬಿ ಒಯ್ದರು. ಇಡೀ ದಿನ ಹುಡುಕಿ ಕೆಂಪು ಧೂಳು ತಿಂದು ಬಂದೆ. ಮನಿ ಮುಂದ ಜನ ಕುಂತಿದ್ರು. ಇಲ್ಲ ಅಂತ ಹೆಂಗ ಹೇಳ್ಲಿ? ಈ ಮನ್ಯಾಗ ಯಾರಿಗೂ ಇಲ್ಲ ಅಂದಿಲ್ಲ. ಔಷಧದ ಅಂಗಡಿಯಾಂವ, ಇದನ್ನ ಹಾಕವ್ವ, ನೋವು ಓಡಿ ಹೊಕ್ಕೈತಿ ಅಂದ. ಓಡಿ ಹೋತು. ನೀನೇ ಎದ್ದು ನಡೆದಿ."

"ನಂಗ ಕೊಟ್ಟಿದ್ದೂ ಇದೇನಾ? ಮೊದ್ಲಿಂದನೂ?"

"ನಿಂಗ ಬೇರು ಕೊಟ್ಟೇ ಇಲ್ಲ."

ಹೊನ್ನೂರಪ್ಪನಿಗೆ ಸಿಟ್ಟು ಬಂತು, ಅದು ಬಂದಷ್ಟೇ ಬೇಗ ಕರಗಿತು. ಇಲ್ಲದ ಬೇರನ್ನು ಇದೆ ಎಂದು ಕಾಯುತ್ತ ಇವಳೂ ಈ ಹಿತ್ತಲಿನಲ್ಲಿ ಇಷ್ಟು ವರ್ಷ ಸಿಕ್ಕಿಕೊಂಡಿದ್ದಳು. ಹೆಸರು ಹೇಳಬಾರದೆಂಬ ಕಟ್ಟು ಬೇರನ್ನು ಕಾಯಲೆಂದು ಇದ್ದದ್ದು, ಕೊನೆಗೆ ಗುಳಿಗೆಯನ್ನು ಕಾಯಿತು.

"ಹಾಳಿ ಕೊಡು ಅಕ್ಕ, ಗುಳಿಗಿ ಸುತ್ತಿದ್ದು. ಡಾಕ್ಟ್ರಿಗೆ ತೋರಿಸ್ಬೇಕು. ನನ್ನ ಭಾಷಿ ವಾಪಸ್ ಕೊಡು."

ವಿರುಪಮ್ಮ ಕೈ ಚಾಚಿದಳು. ತಮ್ಮನ ಕೈ ಬಂದು ಮೇಲೆ ಕೂರುವ ತನಕ ಕಾದು, ಅದನ್ನು ಮೆಲ್ಲಗೆ ಎತ್ತಿ ಅವನ ತೊಡೆಯ ಮೇಲಿಟ್ಟಳು. ಆಮೇಲೆ ಅತ್ತಳು. "ನಾನೂ ಬರ್ತೀನಿ. ಮಾಡಿದಾಕಿ ನಾನು, ನಾನೇ ಹೇಳ್ತೀನಿ" ಎಂದಳು.

ಹೊಸಪೇಟೆಯಲ್ಲಿ ಶೈಲಶ್ರೀ ಗುಳಿಗೆಯ ಖಾಲಿ ಹಾಳೆಯ ಮೇಲಿದ್ದ ಹೆಸರು ಓದಿ ಉಸಿರುಬಿಟ್ಟಳು. ಬೈಯುತ್ತಾಳೆಂದು ತಲೆತಗ್ಗಿಸಿ ಕೂತಿದ್ದ ಮುದುಕಿಗೆ ನೀರು ಕೊಟ್ಟಳು. ಪುಡಿ ನಿಲ್ಲಬೇಕು, ಆದರೆ ಒಮ್ಮೆಲೇ ನಿಲ್ಲಬಾರದು. ಗುಳಿಗೆಯನ್ನೇ ಅಳತೆ ಮಾಡಿ ಕೊಟ್ಟು ತಿಂಗಳುಗಟ್ಟಲೆ ಇಳಿಸುತ್ತ ಬರಬೇಕು, ಅದಕ್ಕೆ ಬೇರೆ ಡಾಕ್ಟರಿದ್ದಾರೆ ಎಂದು ಬಿಡಿಸಿ ಹೇಳಿದಳು. ಕಣ್ಣು ಪೂರ್ತಿ ಬರುತ್ತದೆಯೇ ಎಂದು ಹೊನ್ನೂರಪ್ಪ ಕೇಳಿದ್ದಕ್ಕೆ, "ನೀರು ಇಂಗಬಹುದು. ಮೊದ್ಲಿನಂಗ ಕಾಣ್ತದ ಅಂತ ನಾ ಭಾಷಿ ಕೊಡಂಗಿಲ್ಲ" ಎಂದಳು. ಆಮೇಲೆ ವಿರುಪಮ್ಮನ ಕಡೆ ತಿರುಗಿದಳು: "ಅಮ್ಮಾ, ಇನ್ನೂ ಎಷ್ಟು ಜನ ತಗೊಂತಾರ?"

ವಿರುಪಮ್ಮನ ಕಣ್ಣ ಮುಂದೆ ಅಮಾವಾಸ್ಯೆಗೆ ಜನ ತುಂಬುವ ಕಟ್ಟೆ ಬಂದಿರಬೇಕು.

ಆ ಅಮಾವಾಸ್ಯೆಗೆ ಹೊನ್ನೂರಪ್ಪ ಮುಂಜಾನೆಯೇ ಬಂಡ್ರಿಯಲ್ಲಿದ್ದ. ಮನೆ ಮುಂದಿನ ಕಟ್ಟೆಯ ಮೇಲೂ ಕೆಳಗೂ ಜನ. ಗಣಿಯಲ್ಲಿ ಅದಿರು ಬಾಚಿ ಬೆನ್ನು ಕಳೆದುಕೊಂಡವರು, ಶೇಂಗಾ ಕಿತ್ತು ಮೊಣಕಾಲು ಕಳೆದುಕೊಂಡವರು. ಎಲ್ಲರ ಮುಖಗಳೂ ದುಂಡಗೆ, ತುಂಬಿಕೊಂಡು, ಒಂದೇ ಮನೆಯವರಂತೆ ಇದ್ದವು. ಇಷ್ಟು ವರ್ಷ ಬಂದರೂ ಅವನು ಅದನ್ನು ಕಂಡಿರಲಿಲ್ಲ. ಅವನದೂ ಅದೇ ಮುಖ.

ವಿರುಪಮ್ಮ ಬರಿಗೈಯಲ್ಲಿ ಹೊರಗೆ ಬಂದಳು. ಹೊಸ್ತಿಲ ಮೇಲೆ ನಿಂತು, ಗುಳಿಗೆಯ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಶೈಲಶ್ರೀಯಿಂದ ಮತ್ತೆ ಮತ್ತೆ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಹೆಸರು. "ನೀವು ತಿನ್ನೋದು ಬೇರಲ್ಲ, ಇದು. ಇದು ಕಣ್ಣು ತಿಂತೈತಿ, ಎಲುಬು ತಿಂತೈತಿ. ಒಮ್ಮಿಗೇ ಬಿಡಬ್ಯಾಡ್ರಿ, ಬಿದ್ದು ಹೊಕ್ಕೀರಿ. ಸಂಡೂರು ಸರಕಾರಿ ದವಾಖಾನಿಗೆ ಹೋಗಿ ಈ ಹೆಸರು ಹೇಳ್ರಿ. ನನ್ನ ಔಷಧ ಸತ್ತೋತು. ನಾನೇ ಕೊಂದೆ."

ಯಾರೂ ಏಳಲಿಲ್ಲ. ಮನೆತನದ ಕಟ್ಟು ಮುರಿದರೂ ಆಕಾಶ ಬೀಳಲಿಲ್ಲ, ಜನ ಹೌಹಾರಲೂ ಇಲ್ಲ. ಮುಂದೆ ಕೂತಿದ್ದ ಚೋರನೂರಿನ ಎರ್ರಿಯಪ್ಪ, ಟಿಪ್ಪರ್ ಓಡಿಸುವವನು, ಕೈ ಚಾಚಿಯೇ ಇದ್ದ. "ಹೆಸರು ಏನಾದ್ರೂ ಇರ್ಲಿ ಬಿಡವ್ವ. ಬೇರಾದ್ರೇನು, ಗುಳಿಗ್ಯಾದ್ರೇನು? ನಾಳೆ ಲಾರಿ ಹತ್ತಬೇಕು ನಾನು. ಪುಡಿ ಕೊಡು."

ಅವನ ಹಿಂದೆ ಇನ್ನೊಂದು ಕೈ ಚಾಚಿತು, ಅದರ ಹಿಂದೆ ಮತ್ತೊಂದು. ವಿರುಪಮ್ಮ ಆ ಅಂಗೈಗಳನ್ನು ನೋಡುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊನ್ನೂರಪ್ಪನಿಗೆ ಅವರ ಮೇಲೆ ಸಿಟ್ಟು ಮಾಡಲು ಯಾವ ಹಕ್ಕೂ ಇರಲಿಲ್ಲ. ಮೂರು ತಿಂಗಳ ಹಿಂದೆ ಅವನ ಕೈಯೂ ಅಲ್ಲೇ ಇರುತ್ತಿತ್ತು. ಅವನು ಸೊಂಟ ಹಿಡಿದುಕೊಂಡು ಕಟ್ಟೆಯಿಂದಿಳಿದು ರಸ್ತೆಯಾಚೆಯ ಕರೆಂಟ್ ಕಂಬ ತೋರಿಸಿದ.

"ಎರ್ರಿಯಪ್ಪಣ್ಣ, ಪುಡಿ ಆಮ್ಯಾಲ. ಮೊದ್ಲು ಒಂದು ಕಣ್ಣು ಮುಚ್ಚಿ ಆ ಕಂಬ ನೋಡು. ಆಮ್ಯಾಲ ಇನ್ನೊಂದು."

"ಇದೇನು ಹುಡುಗಾಟ್ಕೆನೋ?" ಎಂದು ಎರ್ರಿಯಪ್ಪ ಗೊಣಗಿದ. ಆದರೂ ಕೈಯನ್ನು ಎಡಗಣ್ಣಿಗೆ ಒತ್ತಿ ನೋಡಿದ. ಕೈ ಬದಲಿಸಿ ಬಲಗಣ್ಣಿಗೆ ಒತ್ತಿ ನೋಡಿದ. ಮತ್ತೆ ಬದಲಿಸಿದ.

"ಈ ಕಂಬ ಯಾವಾಗ ಬಾಗ್ತು?" ಎಂದು ಪಕ್ಕದವರನ್ನು ಕೇಳಿದ.

ಕಂಬ ನೆಟ್ಟಗೆ ನಿಂತಿತ್ತು. ಪಕ್ಕದವರು ಒಬ್ಬೊಬ್ಬರಾಗಿ, ಚಾಚಿದ್ದ ಕೈಗಳನ್ನು ಹಿಂದಕ್ಕೆ ಎಳೆದು, ತಮ್ಮ ತಮ್ಮ ಒಂದು ಕಣ್ಣು ಮುಚ್ಚಿಕೊಂಡರು.